ಹಾಜರಿ ಹೇಳಿದವರು ಯಾರು?

ಶಾಲೆಯ ಸಹವಾಸ ಮಾಡಿದವರಿಗೆ ಇಂಥವು ತಪ್ಪಿದ್ದಲ್ಲ. ನನಗಂತೂ ಎರಡೆರಡು ಶಾಲೆಗಳ ಸಹವಾಸ. ನಾನು ಕಲಿಸುವುದು ಗ್ರಾಂಟ್ ರೋಡಿನ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ. ಮೊಮ್ಮಗಳು ಹೋಗುವುದು ದಹಿಸರಿನಲ್ಲಿ ನಮ್ಮ ಬಿಲ್ಡಿಂಗಿನ ಹತ್ತಿರದ ಪ್ರೈವೇಟ್ ಇಂಗ್ಲಿಷ್ ಶಾಲೆಯ ಕೆಜಿಗೆ. ಜೂನಿನಲ್ಲಿ ಅವಳಿಗೆ ಒಂದನೇ ಕ್ಲಾಸು. ಎಲ್ಲಿ ಅಂತಲೇ ಮನೆಯಲ್ಲಿ ಜಗಳ. ಸೊಸೆಗೆ ಅವಳು ಅಲ್ಲೇ ಮುಂದುವರಿಯಬೇಕು. ನನಗೆ ಅವಳು ನನ್ನ ಜೊತೆ ಬರಬೇಕು. ಈ ಸಲ ಹೊಸದಾಗಿ ಒಂದು ಮಗುವಾದರೂ ಸೇರದಿದ್ದರೆ ನಮ್ಮ ಒಂದನೇ ಕ್ಲಾಸೇ ಬಂದ್ ಅಂತ ಮೇಲಿನವರು ಹೇಳಿ ಹೋಗಿದ್ದರು.

ಬೀಗ ಹಾಕಿದ ಕೋಣೆ

ನಮ್ಮ ಶಾಲೆಯ ಮಾಳಿಗೆಯಲ್ಲಿ ಮಕ್ಕಳು ಕಮ್ಮಿಯಾದ ಹಾಗೆ ಕೋಣೆಗಳಿಗೆ ಒಂದೊಂದಾಗಿ ಬೀಗ ಬಿದ್ದಿದೆ. ಒಂದು ಬೆಳಿಗ್ಗೆ ಹಾಜರಿ ಕರೆಯುತ್ತಿದ್ದೆ. ಸಂತೋಷ ಅನ್ನುವ ಹುಡುಗ ಅಪ್ಪ ಅಮ್ಮನ ಜೊತೆ ಊರಿಗೆ ಹೋದವನು ಬಂದೇ ಇರಲಿಲ್ಲ. ಹೆಸರು ಹೊಡೆದುಹಾಕಿದರೆ ಮಕ್ಕಳ ಲೆಕ್ಕ ಇಳಿಯುತ್ತದಲ್ಲ, ಅದಕ್ಕೆ ದಿನಾ ಕರೆದು, ದಿನಾ ನಾನೇ ಗೈರು ಅಂದುಕೊಳ್ಳುತ್ತಿದ್ದೆ. ಆ ದಿನ ಹೆಸರು ಕರೆದದ್ದೇ, ಬೀಗ ಹಾಕಿದ ಪಕ್ಕದ ಕೋಣೆಯೊಳಗಿಂದ ಧ್ವನಿ ಬಂತು, ಎಲ್ಲೋ ದೂರದಿಂದ ಬಂದ ಹಾಗೆ.

"ಹಾಜರ್, ಟೀಚರ್."

ಮಕ್ಕಳೆಲ್ಲ ಒಂದೇ ಬೆಂಚಿಗೆ ಬಂದು ಕೂತರು. ನಾನು ಸಿಪಾಯಿಯನ್ನು ಕೂಗಿ ಕರೆದೆ. ನಮ್ಮ ಸಿಪಾಯಿ ಮಾಮಾ ವಿಜಯಪುರ ಕಡೆಯವರು, ಮನೆಯಲ್ಲಿ ದಖ್ನಿ ಉರ್ದು, ನಮ್ಮ ಜೊತೆ ಅಚ್ಚ ಊರ ಕನ್ನಡ. ಕೀಲಿಕೈ ತಂದವರು ಅದನ್ನು ನನ್ನ ಕೈಗೆ ಕೊಟ್ಟು ಹಿಂದೆ ನಿಂತರು. "ನೀವ ತಗೀರಿ ಬಾಯಾರ. ಹುಡುಗ್ರು ನಿಮ್ಮ ಮಾತಽ ಕೇಳ್ತಾವ."

ತೆಗೆದರೆ ಯಾರೂ ಇಲ್ಲ. ನೆಲದ ಧೂಳಿನಲ್ಲಿ ಒಂದು ಹೆಜ್ಜೆ ಗುರುತೂ ಇಲ್ಲ. ಸಾಂಬಾರಿನ ವಾಸನೆ ಮಾತ್ರ ಗಮ್ಮೆಂದು ಬಡಿಯಿತು. ಒಡೆದ ಕಿಟಕಿಯಿಂದ ಬಗ್ಗಿದೆ. ಕೆಳಗೆ ಸಂದಿಯಲ್ಲಿ ನಮ್ಮೂರಿನವರ ಹೋಟೆಲಿನ ಅಡುಗೆಮನೆ. ಅಲ್ಲಿನ ಭಟ್ಟ ನನ್ನ ಹಳೇ ವಿದ್ಯಾರ್ಥಿ, ಅವನ ಹೆಸರೂ ಸಂತೋಷ. ನನ್ನ ಧ್ವನಿಯಲ್ಲಿ ಹೆಸರು ಕೇಳಿದ ಕೂಡಲೇ ಬಾಯಿ ತಾನಾಗಿಯೇ ಹಾಜರ್ ಅನ್ನುತ್ತದಂತೆ. ಮಾರಾಯ, ಶಾಲೆಯಲ್ಲಿದ್ದಾಗ ಒಂದು ದಿನ ನೆಟ್ಟಗೆ ಹಾಜರಿದ್ದವನಲ್ಲ ಅವನು!

ಮಡಿಲಲ್ಲೂ ಮೊಬೈಲಲ್ಲೂ

ಈ ಕಥೆ ಕೇಳಿ ಸೊಸೆ ನಗಲಿಲ್ಲ. ಭಟ್ಟನ ವಿಷಯ ನಾನು ಕಟ್ಟಿದ್ದು, ಅಲ್ಲಿರುವುದು ದೆವ್ವವೇ ಅಂದಳು. ಅವಳ ಇಂಗ್ಲಿಷ್ ಶಾಲೆಯಲ್ಲಾದರೆ ಕ್ಲಾಸಿಗೊಂದು ಕ್ಯಾಮೆರಾ, ಮಗು ಏನು ಮಾಡುತ್ತಿದೆ ಅಂತ ತಾಯಿ ಮೊಬೈಲಿನಲ್ಲೇ ನೋಡಬಹುದು.

ಒಂದು ದಿನ ಮಗುವಿಗೆ ಜ್ವರ. ಸೊಸೆ ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು, ಸುಮ್ಮನೆ ಅಭ್ಯಾಸಕ್ಕೆ ಮೊಬೈಲ್ ತೆಗೆದಳು. ಕ್ಲಾಸು ನಡೆಯುತ್ತಿದೆ. ಎರಡನೇ ಬೆಂಚಿನಲ್ಲಿ ನಮ್ಮ ಮಗು ಕೂತು ಬರೆಯುತ್ತಿದೆ. ಅದೇ ಜಡೆ, ಅದೇ ಕೆಂಪು ರಿಬ್ಬನ್. ಸೊಸೆ ಮಡಿಲು ನೋಡಿದಳು, ಮೊಬೈಲ್ ನೋಡಿದಳು. ಅಷ್ಟರಲ್ಲಿ ಬೆಂಚಿನ ಮಗು ತಲೆಯೆತ್ತಿ ಕ್ಯಾಮೆರಾ ಕಡೆ ನೋಡಿ ನಕ್ಕಿತು. ಸೊಸೆ ಮೊಬೈಲ್ ಎಸೆದು ಕಿರುಚಿದ ರಭಸಕ್ಕೆ ಮಗುವಿನ ಜ್ವರವೇ ಇಳಿಯಿತು.

ಶಾಲೆಗೆ ಫೋನ್ ಮಾಡಿದೆವು. ಅಲ್ಲಿ ಫೋನ್ ಎತ್ತಿದ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. ಕ್ಯಾಮೆರಾ ಹಾಳಾಗಿದೆ ಮ್ಯಾಡಮ್, ಪೇರೆಂಟ್ಸಿಗೆ ಗಾಬರಿಯಾಗಬಾರದು ಅಂತ ಹೋದ ವಾರದ್ದನ್ನೇ ಹಾಕಿದ್ದೇವೆ.

ಗೋಡೆಗೆ ಮುಖ

ಅದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಇದು. ಮೊದಲು ಮಾತಿನ ಮಲ್ಲಿಯಾಗಿದ್ದ ಮಗು ಬರಬರುತ್ತಾ ಮೌನವಾಯಿತು. ನೀರು ಬೇಕಾದರೆ ಕೈ ಎತ್ತಿ ಕಾಯುತ್ತದೆ. ಒಂದು ಮುಸ್ಸಂಜೆ ಲೈಟ್ ಹಾಕಿದರೆ, ಗೋಡೆಗೆ ಮುಖ ಮಾಡಿ, ತುಟಿಯ ಮೇಲೆ ಬೆರಳಿಟ್ಟು ಕೂತಿದ್ದಾಳೆ. ಪಕ್ಕದಲ್ಲಿ ಅವಳ ಗೊಂಬೆಗಳೂ ಸಾಲಾಗಿ ಗೋಡೆಗೆ ಮುಖ ಮಾಡಿವೆ. ಸೊಸೆ ನನ್ನ ಸೀರೆಯನ್ನೇ ದುರುಗುಟ್ಟಿ ನೋಡಿದಳು. ನನ್ನ ಶಾಲೆಯ ದೆವ್ವ ಅದರ ಸೆರಗು ಹಿಡಿದು ಲೋಕಲ್ ರೈಲ್‌ನಲ್ಲಿ ಬಂದಿದೆಯಂತೆ. ನಾನು ಮಗುವನ್ನೇ ಕೇಳಿದೆ.

"ಟೀಚರ್ ಪರ್ಮಿಷನ್ ಕೊಡುವವರೆಗೆ ಬಾತ್ ನಹೀ ಕರ್ನಾ, ಅಜ್ಜಿ," ಅಂತ ಪಿಸುಗುಟ್ಟಿದಳು.

ಮಾತಾಡಬಾರದಂತೆ! ನನಗೆ ಅಳುವೇ ಬಂತು. ಆದರೆ ರೋಗ ಅಂಟುವಂಥದ್ದು. ಆ ವಾರದಿಂದ ನನ್ನ ಮಗನೂ ಚಹಾ ಬೇಕಾದರೆ ಕೈ ಎತ್ತತೊಡಗಿದ.

ದೋಸೆ ಕೊಡುವ ದೆವ್ವ

ಗೊಂಬೆಗಳನ್ನು ನೋಡಿದ ಮೇಲೆ ಸೊಸೆ ಸ್ವಲ್ಪ ಮೆತ್ತಗಾಗಿದ್ದಳು. ನಿಮ್ಮ ಶಾಲೆಯನ್ನು ಒಂದು ಸಲ ಕಣ್ಣಾರೆ ನೋಡುತ್ತೇನೆ, ಆಮೇಲೆ ಮಾತಾಡೋಣ ಅಂದಳು. ಒಂದು ಶನಿವಾರ ಮಗುವನ್ನೂ ಕರೆದುಕೊಂಡು ಬಂದಳು. ನಾನು ಧೈರ್ಯವಾಗಿ ಹಾಜರಿ ಕರೆದೆ. ಸಂತೋಷ ಅಂದೆ.

"ಹಾಜರ್, ಟೀಚರ್."

ಅವತ್ತು ಧ್ವನಿ ಯಾಕೋ ಎಳೆಯದಾಗಿ, ಹತ್ತಿರದಲ್ಲೇ ಕೇಳಿತು. ಸೊಸೆ ಬಿಳುಚಿ ಹೋದಳು. ಮಾಮಾರಿಂದ ಬೀಗ ತೆಗೆಸಿ, ಅವಳನ್ನು ಎಳೆದುಕೊಂಡು ಹೋಗಿ ಕಿಟಕಿಯಿಂದ ಅಡುಗೆಮನೆ ತೋರಿಸಿದೆ. ಮಗು ನಮ್ಮಿಬ್ಬರ ನಡುವೆ ತೂರಿ ಸರಳು ಹಿಡಿದು ನಿಂತಿತು. ಕೈ ಎತ್ತಲಿಲ್ಲ, ಯಾರನ್ನೂ ಕೇಳಲಿಲ್ಲ. ಶಾಲೆಗೆ ಶಾಲೆಯೇ ಕೇಳುವ ಹಾಗೆ ಕೂಗಿತು.

"ಸಂತೋಷ್ ಅಂಕಲ್, ಮಸಾಲಾ ದೋಸಾ!"

ಎಷ್ಟು ದಿನವಾಗಿತ್ತು ಆ ಗಂಟಲು ಕೇಳಿ! ಸೊಸೆಯ ಕಣ್ಣಲ್ಲಿ ನೀರು. ಸ್ವಲ್ಪ ಹೊತ್ತಿನಲ್ಲಿ ಹೋಟೆಲಿನ ವೇಟರ್ ಮೆಟ್ಟಿಲೇರಿ ಬಿಸಿ ದೋಸೆ ತಂದಿಟ್ಟ. ಮಗು ತಿನ್ನುತ್ತಾ ಬೆಂಚಿನವರ ಜೊತೆ ಹರಟೆಗೆ ಬಿತ್ತು. ಸೊಸೆ ಅದನ್ನೇ ನೋಡಿ ನೋಡಿ ಹೇಳಿದಳು, "ದೆವ್ವ ಎರಡೂ ಕಡೆ ಇದೆ ಅಂತಾದರೆ, ದೋಸೆ ಕೊಡುವ ದೆವ್ವವೇ ಇರಲಿ ಅತ್ತೆ." ಅಡ್ಮಿಷನ್ ಅಲ್ಲೇ ಆಯಿತು. ಒಂದನೇ ಕ್ಲಾಸು ಉಳಿಯಿತು.

ಸೋಮವಾರ ಭಟ್ಟನಿಗೆ ಥ್ಯಾಂಕ್ಸ್ ಹೇಳಲು ಹೋದೆ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದ. ಮಗು ಕೂಗಿದ್ದು ಕೇಳಿ ದೋಸೆ ಕಳಿಸಿದ್ದು ತಾನೇ ಅಂತ ಗಾಳಿಯಂಥ ಧ್ವನಿಯಲ್ಲಿ ಹೇಳಿದ. ಆದರೆ ಗಂಟಲು ಕಟ್ಟಿ ವಾರವಾಗಿದೆ, ಹಾಜರ್ ಅಂದದ್ದು ತಾನಲ್ಲ.

ಊರಿಗೆ ಫೋನ್ ಮಾಡಿದೆ. ಹುಡುಗ ಸಂತೋಷ ಅಲ್ಲಿನ ಶಾಲೆಯಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾನೆ.

ಸೊಸೆಗೆ ನಾನು ಹೇಳಿಲ್ಲ. ಮಾಮಾರಿಗೆ ಹೇಳಿದೆ. ಅವರು ಆ ಬೀಗವನ್ನು ಎಳೆದು ನೋಡಿದರು. "ಹಂಗಾರ ನಾಳೆಯಿಂದ ಆ ಹೆಸರು ಕರಿಯೂದು ಬ್ಯಾಡೇನ್ರಿ ಬಾಯಾರ?"

ಕರೆಯದೆ ಮತ್ತೆ? ಮಕ್ಕಳೇ ಸಿಗದ ಶಾಲೆಯಲ್ಲಿ ತಾನಾಗಿ ಬಂದು ಹಾಜರ್ ಅಂದವರನ್ನು ಬಿಟ್ಟುಕೊಡಲಿಕ್ಕೆ ಆಗುತ್ತದೆಯೇ?