ಹಟ್ಟಿಯ ಹೊರಸು

‘ಹೋಗಿ ಬರೋಣ’ ಎಂಬ ಮಾತಿನಲ್ಲಿ ನನ್ನ ಹೆಂಡತಿ ಶಶಿಕಲಾಗೆ ಮೊದಲನೆಯ ಪದ ಇಷ್ಟ, ನನಗೆ ಎರಡನೆಯದು. ಹೇಗೂ ಬರುವುದೇ ಇದ್ದ ಮೇಲೆ ಹೋಗುವುದಾದರೂ ಯಾಕೆ ಎಂಬುದು ನನ್ನ ವಾದ. ರಾಯಚೂರಿನ ಬಿಸಿಲಲ್ಲಿ ವಾರವಿಡೀ ಕಚೇರಿಗೆ ಹೋಗಿ ಬರುವುದರಲ್ಲೇ ನಾನು ಹೈರಾಣಾಗಿರುತ್ತೇನೆ. ಅಂಥವನನ್ನು ಹೋದ ಭಾನುವಾರ ಆಕೆ ಬೆಳಗಾಗುತ್ತಲೇ ಎಬ್ಬಿಸಿ, “ನಡೀರಿ, ಹಟ್ಟಿ ನೋಡಿ ಬರೋಣ. ನಮ್ಮಪ್ಪ ಬಂಗಾರದ ಗಣಿಯೊಳಗ ದುಡದಾರ ಅಂತ ಊರಿಗೆಲ್ಲ ಹೇಳ್ತೀರಿ. ನೀವು ಹುಟ್ಟಿದ ಮನಿ ನನಗ ಒಮ್ಮಿನೂ ತೋರಿಸಿಲ್ಲ” ಎಂದಳು.

ತೋರಿಸಲು ನನಗೇ ಗೊತ್ತಿರಬೇಕಲ್ಲ! ಆ ಊರು ಬಿಟ್ಟಾಗ ನಾನು ಅವ್ವನ ಕಂಕುಳಲ್ಲಿದ್ದ ಕೂಸು. ಬಾಗಿಲ ಮುಂದೆ ಒಂದು ಬೇವಿನ ಮರವಿತ್ತೆಂದು ಅವ್ವ ಹೇಳುತ್ತಿದ್ದಳು, ಅಷ್ಟೇ. ಆದರೆ ಅಪ್ಪ ತೀರಿಹೋದ ಮೇಲೆ ಆ ಮನೆಯನ್ನೊಮ್ಮೆ ಕಣ್ಣಾರೆ ಕಾಣಬೇಕೆಂಬ ಆಸೆ ನನಗೂ ಒಳಗೊಳಗೇ ಬೆಳೆದಿತ್ತು. ಹೊರಟೆವು.

ಬಸ್ಸಿಗೂ ಭಾನುವಾರವೇ. ಗಬ್ಬೂರಿನಲ್ಲಿ ಜೋಳದ ಚೀಲ ಹತ್ತುವವರೆಗೆ ನಿಂತಿತು. ದೇವದುರ್ಗದಲ್ಲಿ ಬದಲಾಯಿಸಿದ ಬಸ್ಸು ಅರಕೇರಾ ಹತ್ತಿರ ಎಮ್ಮೆಗಳ ಹಿಂಡಿಗೆ ದಾರಿ ಬಿಟ್ಟು ನಿಂತಿತು. ನಾನು ಗೊಣಗಿದೆ. “ಎಮ್ಮಿಗೇ ಅವಸರ ಇಲ್ಲ, ನಿಮಗ್ಯಾಕ್ರೀ?” ಎಂದ ಕಂಡಕ್ಟರ್. ಶಶಿಕಲಾ ಮಾತ್ರ ಹತ್ತಿ, ತೊಗರಿ ಹೊಲಗಳನ್ನು ಮೊದಲ ಸಲ ಕಂಡವಳ ಹಾಗೆ ಕಿಟಕಿಗೆ ಅಂಟಿಕೊಂಡಿದ್ದಳು.

ಹಟ್ಟಿಯಲ್ಲಿ ಗಣಿಯ ಗೇಟಿನ ಕಾವಲುಗಾರ, “ಪರ್ಮಿಶನ್ ಇಲ್ಲದ ಒಳಗ ಬಿಡಂಗಿಲ್ರಿ” ಎಂದು ವಿನಯದಿಂದಲೇ ಕೈ ಮುಗಿದ. ದೂರದ ಕಬ್ಬಿಣದ ಗೋಪುರವನ್ನೂ ಬೂದು ಮಣ್ಣಿನ ದಿಬ್ಬವನ್ನೂ ನೋಡಿ ಕಾರ್ಮಿಕರ ಸಾಲುಮನೆಗಳತ್ತ ನಡೆದೆವು. ಅಲ್ಲಿ ಪ್ರತಿ ಮನೆಯ ಮುಂದೂ ಬೇವಿನ ಮರ! ನನ್ನ ಕಾಲು ಅಲ್ಲೇ ಸೋತವು. ಶಶಿಕಲಾ ಸೋಲಲಿಲ್ಲ. ಜೋಳ ಹಸನು ಮಾಡುತ್ತ ಕುಳಿತಿದ್ದ ಒಬ್ಬ ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, “ಯವ್ವಾ, ಇಲ್ಲಿ ಬಸಣ್ಣ, ಶಂಕ್ರವ್ವ ಅಂತ ಇದ್ರಲ್ಲ…” ಎಂದಳು.

ಮುದುಕಿ ಮೊರ ಬದಿಗಿಟ್ಟಳು. “ಶಂಕ್ರವ್ವನ ಮಗಾ ಏನು ಇಂವ? ಎಷ್ಟು ಬಳಲಿ ಬಂದೀಯೋ ಯಪ್ಪಾ! ಬಾ, ಹೊರಸಿನ ಮ್ಯಾಲ ಕೂಡು. ಮನಿ ಎಲ್ಲಿ ಹೋಗ್ತದ, ಆಮ್ಯಾಲೆ ತೋರಸ್ತೀನಿ.”

ಆ ಹಗ್ಗದ ಮಂಚದ ಮೇಲೆ ಕೂತೆ. ಮಜ್ಜಿಗೆ ಕೊಟ್ಟಳು, ಕುಡಿದೆ. ಬೇವಿನ ಗಾಳಿ ಬೀಸಿತು. ಒಂದು ಗಳಿಗೆ ಬೆನ್ನು ಚಾಚೋಣವೆಂದು ಒರಗಿದೆ.

“ಏಳ್ರೀ, ಬಸ್ ಬರೋ ಹೊತ್ತಾತು!” ಎಂದು ಶಶಿಕಲಾ ಅಲುಗಿಸಿದಾಗ ಬಿಸಿಲು ಇಳಿದಿತ್ತು. ಆಕೆ ಮನೆಯನ್ನು ನೋಡಿ, ಈಗ ಅಲ್ಲಿರುವವರ ಕೈಯಲ್ಲಿ ಚಹಾ ಕುಡಿದು, ಅವ್ವ ದೀಪವಿಡುತ್ತಿದ್ದ ಗೂಡನ್ನು ಮುಟ್ಟಿಯೂ ಬಂದಿದ್ದಳು. ನಾನು ಹುಟ್ಟಿದ ಮನೆ ಹೇಗಿದೆಯೆಂದು ರಾಯಚೂರಿಗೆ ನೇರವಾಗಿ ತಿರುಗಿ ಬರುವ ಬಸ್ಸಿನಲ್ಲಿ ಅವಳನ್ನು ಕೇಳಿ ತಿಳಿದುಕೊಂಡೆ.

“ಎಬ್ಬಿಸಬಾರದಾಗಿತ್ತೇನು?” ಎಂದೆ, ಸಿಟ್ಟಿನಿಂದ.

“ನಾ ಎಬ್ಬಸಾಕ ಬಂದೆ. ಆ ಯವ್ವನೇ ಬಿಡಲಿಲ್ಲ. ನಿಮ್ಮಪ್ಪನೂ ಗಣಿಯಿಂದ ಬಂದು ಅದೇ ಹೊರಸಿನ ಮ್ಯಾಲ ಹಿಂಗ ಬೀಳ್ತಿದ್ರಂತ. ಥೇಟ್ ಬಸಣ್ಣನಂಗ ಮಲಗ್ಯಾನ, ಮಲಗಲಿ ಬಿಡು ಅಂತ ಕಣ್ಣಾಗ ನೀರು ತಂದಳು.”

ಅಪ್ಪನ ದಣಿವು ನನಗೆ ಆಸ್ತಿಯಾಗಿ ಬಂದಿದೆಯೆಂದು ಎದೆ ತುಸು ಉಬ್ಬಿತು. ಶಶಿಕಲಾ ನಿಟ್ಟುಸಿರಿಟ್ಟಳು. “ಪಾಪ, ಅವರು ಭೂಮಿಯೊಳಗ ಕಲ್ಲು ಒಡದು ಬಂದು ಮಲಗ್ತಿದ್ರು. ನೀವು ಏನು ಒಡದು ಬಂದಿದ್ರಿ?”

ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಕಣ್ಣು ಮುಚ್ಚಿ ಯೋಚಿಸಿದೆ. ತೆರೆದಾಗ ಕಂಡಕ್ಟರ್ ಭುಜ ಅಲುಗಿಸುತ್ತಿದ್ದ: “ಇಳೀರಿ ಯಪ್ಪಾ, ರಾಯಚೂರು ಬಂತು.”