ಕಿಟ್ಟಣ್ಣನ ಪೋಲೆಂಡು

ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳಕ್ಕೆ ಬಂದ ಕಿಟ್ಟಣ್ಣ ಬಾಯಲ್ಲಿ ಉಮಿಕರಿ ಇದ್ದಂತೆಯೇ ನಿಂತುಬಿಟ್ಟ. ಬೇಲಿಯಾಚೆ, ನೆರೆಯ ಚೆನ್ನಪ್ಪನ ಹಿತ್ತಿಲಿನಲ್ಲಿ, ಎತ್ತಿನ ಗಾಡಿಯಿಂದ ಕೆಂಪುಕಲ್ಲು ಇಳಿಯುತ್ತಿತ್ತು. ಇಳಿಯಲಿ, ಅದಲ್ಲ ಸಂಗತಿ. ಗುರುತಿಲ್ಲದ ಒಬ್ಬ ಮುದುಕ ಕಣ್ಣು ಮುಚ್ಚಿಕೊಂಡು ಬೇಲಿಯ ಉದ್ದಕ್ಕೂ ನಡೆಯುತ್ತಿದ್ದ. ಮುಂದಕ್ಕೆ ಚಾಚಿದ ಅಂಗೈಯಲ್ಲಿ ಎಂಥದೋ ದುಂಡಗಿನದು. ಕನ್ನಡಕ ಒಳಗಿದ್ದುದರಿಂದ ಅದೇನೆಂದು ಕಿಟ್ಟಣ್ಣನಿಗೆ ತಿಳಿಯಲಿಲ್ಲ. ಕಿಟ್ಟಣ್ಣನ ಬಾವಿಯ ನೇರಕ್ಕೆ ಬಂದದ್ದೇ ಮುದುಕ ಗಕ್ಕನೆ ನಿಂತ. ಚೆನ್ನಪ್ಪ ಬೇಲಿಯ ಮೇಲಿಂದ ಬಗ್ಗಿ ಆ ಬಾವಿಯನ್ನು ನೋಡಿದ. ನೋಡಿ ತಲೆಯಾಡಿಸಿದ!

ಮುಂಬೈಯಿಂದ ಹಿಂದಿರುಗಿದ ಮೇಲೆ ಚೆನ್ನಪ್ಪ ಬೆಳೆಯುತ್ತಲೇ ಇದ್ದ. ಮೊದಲು ಹೆಂಚಿನ ಮನೆ, ಆಮೇಲೆ ಓಟದ ಕೋಣಗಳು, ಈಗ ಈ ಕಲ್ಲು. ಕಿಟ್ಟಣ್ಣ ಬಡವನಲ್ಲ, ಶ್ರೀಮಂತನೂ ಅಲ್ಲ. ಊರಿಗೆ ನಡುವಿನ ಆಸಾಮಿ. ಅವನ ಬಾವಿ ಗಡಿಗೆ ತಾಗಿಕೊಂಡೇ ಇತ್ತು. ವಿಷು ಹಬ್ಬ ಕಳೆದರೆ ಅದರಲ್ಲಿ ಮೊಣಕಾಲು ಮುಳುಗದಷ್ಟು ನೀರು. ಮಳೆ ಹಿಡಿಯುವವರೆಗೆ ಮನೆಗೆಲ್ಲ ಅದೇ ಗತಿ. ಗೋಡೆಯ ನೆಪದಲ್ಲಿ ಬೇಲಿ ಒಂದೆರಡು ಮಾರು ಈಚೆಗೆ ಸರಿದರೆ ಸಾಕು, ಬಾವಿ ಚೆನ್ನಪ್ಪನದಾಗುತ್ತಿತ್ತು.

“ಕಲ್ಲು ಎಂತಕ್ಕೆ ಅಂತ ಹೋಗಿ ಕೇಳಿ ಮಾರಾಯ್ರೆ,” ಎಂದಳು ಹೆಂಡತಿ ಜಲಜಾಕ್ಷಿ. “ನಿಮಗೆ ಬಾಯಿ ಇಲ್ಲವಾ?”

“ಕೇಳಿದರೆ ಹೆದರಿದ ಹಾಗೆ ಆಗ್ತದೆ. ಪೋಲೆಂಡಿನವರು ಜರ್ಮನಿಯವರ ಹತ್ರ ಹೋಗಿ ಕೇಳ್ತಾರಾ?”

“ಅದು ಯಾವ ಮನೆಯವರು? ಪೈವಳಿಕೆ ಕಡೆಯವರಾ?”

ಕಿಟ್ಟಣ್ಣ ಶಾಲು ಹೆಗಲಿಗೆ ಹಾಕಿಕೊಂಡು ಹರಿನಾರಾಯಣ ಭಟ್ಟರ ಹೋಟೆಲಿಗೆ ನಡೆದ. ಜರ್ಮನಿ ಪೋಲೆಂಡಿನ ಮೇಲೆ ಕಣ್ಣಿಟ್ಟಿದ್ದ ಕಾಲ. ಮಂಗಳೂರಿನ ಪೇಪರು ಬರುತ್ತಿದ್ದುದು ಅಲ್ಲಿಗೆ. ಅದನ್ನು ಗಟ್ಟಿಯಾಗಿ ಓದಿ ಹೇಳುವ ಹೊಣೆ ಕಿಟ್ಟಣ್ಣನದೇ ಆದ್ದರಿಂದ, ಯುರೋಪಿನಲ್ಲಿ ಯಾರು ಎಲ್ಲಿ ಸೈನ್ಯ ಇಳಿಸಿದರೂ ಅವನಿಗೆ ರಾತ್ರಿ ನಿದ್ದೆ ಇರಲಿಲ್ಲ. ಇವತ್ತು ಮಾತ್ರ ಪೇಪರು ಮಡಚಿದಲ್ಲೇ ಉಳಿಯಿತು.

“ದುಂಡಗಿನದಾ? ಮಂತ್ರಿಸಿದ ಲಿಂಬೆಹಣ್ಣು,” ಎಂದ ಅವಲಕ್ಕಿ ತಿನ್ನುತ್ತಿದ್ದ ಒಬ್ಬ.

“ಲಿಂಬೆಗಿಂತ ದೊಡ್ಡದು.”

“ಹಾಗಾದರೆ ಕುಂಬಳಕಾಯಿ.”

“ಅಷ್ಟು ದೊಡ್ಡದಲ್ಲ.”

ಭಟ್ಟರು ಚಾ ಸೋಸುವುದನ್ನು ನಿಲ್ಲಿಸಿ ದನಿ ತಗ್ಗಿಸಿದರು. “ಲಿಂಬೆಗಿಂತ ದೊಡ್ಡದು, ಕುಂಬಳಕ್ಕಿಂತ ಸಣ್ಣದು. ತರಿಸಿದ ಚೆನ್ನಪ್ಪ ಮುಂಬೈಯಿಂದ ಬಂದವನು. ಕಿಟ್ಟಣ್ಣ, ಅದು ಬಾಂಬು!”

ಅವಲಕ್ಕಿಯವನು ಎದ್ದು ಬಾಗಿಲ ಹತ್ತಿರ ಹೋಗಿ ಕೂತ.

“ಈಗ ಎಂತ ಮಾಡುವುದು ಭಟ್ರೆ?”

“ಪೋಲೆಂಡಿಗೆ ಪೆಟ್ಟು ಬಿದ್ದರೆ ಬರ್ತೇನೆ ಅಂತ ಇಂಗ್ಲೆಂಡು ಮಾತು ಕೊಟ್ಟದ್ದನ್ನು ಓದಿ ಹೇಳಿದ್ದು ನೀನೇ ಅಲ್ಲವಾ? ನೆರೆಯವನ ಬೆನ್ನ ಹಿಂದೆ ಇರುವವನನ್ನು ಹಿಡಿ.”

ಚೆನ್ನಪ್ಪನ ಬೆನ್ನಿಗೆ, ಅವನ ಹಿತ್ತಿಲಿನ ಆಚೆ ಬದಿಯಲ್ಲಿ, ಇದ್ದವರು ಕ್ರಿಸ್ತುವರ ಮೊರಿಸ್ ಪೊರ್ಬು. ಲೈಸನ್ಸಿನ ಕೋವಿ ಇದ್ದದ್ದು ಸುತ್ತಮುತ್ತಲಲ್ಲಿ ಅವರೊಬ್ಬರಲ್ಲೇ. ಕಿಟ್ಟಣ್ಣನ ಕಷ್ಟವನ್ನು ಪೂರ್ತಿ ಕೇಳಿ, ಅವನ ಅಂಗಳದ ಹಲಸಿನ ಮರದ ಈ ವರ್ಷದ ಹಣ್ಣೆಲ್ಲ ತಮಗೆಂದು ಮಾತು ಮಾಡಿಕೊಂಡು, ಪೊರ್ಬುಗಳು ಎದೆ ತಟ್ಟಿಕೊಂಡರು.

“ನಿನ್ನ ಗಡಿ ಅಂದರೆ ನನ್ನ ಗಡಿ ಮಾರಾಯ. ನನ್ನ ಟೈಗರ್‌ನನ್ನು ಕರ್ಕೊಂಡು ಹೋಗು. ಅದು ಜೋರು ಬೊಗಳಿತಾ, ನಾನು ಇಲ್ಲಿಂದ ಆಕಾಶಕ್ಕೆ ಒಂದು ಢಂ!”

ಮಧ್ಯಾಹ್ನದೊಳಗೆ ಕಿಟ್ಟಣ್ಣ ಬೇಲಿಗೆಲ್ಲ ಬಿದಿರ ಮುಳ್ಳು ಜಡಿದ. ಮುಳ್ಳಿಗೆ ಮೊದಲು ಸಿಕ್ಕಿದ್ದು ಅವನದೇ ಶಾಲು. ಟೈಗರ್‌ನನ್ನು ಬಾವಿಕಟ್ಟೆಗೆ ಕಟ್ಟಿ, ಬೇಲಿಯ ಹತ್ತಿರ ಎಲೆ ಅಲುಗಿದರೂ “ಛೂ” ಎಂದು ಕಲಿಸಿದ. ಜಾಣ ನಾಯಿ, ಕಿಟ್ಟಣ್ಣನ ಪಾಲಿನ ಗಂಜಿಯ ಜೊತೆಗೆ ಪಾಠವನ್ನೂ ಮುಗಿಸಿತು. ಊಟದ ಹೊತ್ತಿಗೆ ಬೇಲಿಯಾಚೆ ಯಾರೋ ಕೆಮ್ಮಿದಂತಾಯಿತು. ಟೈಗರ್ ಗುರ್ರೆಂದಿತು, ಕೆಮ್ಮು ಹೊರಟುಹೋಯಿತು. ಕಿಟ್ಟಣ್ಣನಿಗೆ ಹೆಮ್ಮೆಯೋ ಹೆಮ್ಮೆ.

ಸಂಜೆ ಆ ಮುದುಕ ಮತ್ತೆ ಬಂದ. ಅದೇ ಮುಚ್ಚಿದ ಕಣ್ಣು, ಅದೇ ದುಂಡಗಿನದು. ಎಂಥದ್ದೆಂದು ನೋಡಿಯೇ ಬಿಡೋಣವೆಂದು ಕಿಟ್ಟಣ್ಣ ಬಾವಿಕಟ್ಟೆ ಹತ್ತಿ ಕತ್ತು ಚಾಚುವುದಕ್ಕೂ, ಟೈಗರ್ ಜೋರಾಗಿ ಬೊಗಳುತ್ತ ಹಗ್ಗ ಕಿತ್ತು ಬೇಲಿಗೆ ಹಾರುವುದಕ್ಕೂ ಸರಿಹೋಯಿತು. “ಅಯ್ಯಯ್ಯೋ!” ಎಂದು ಮುದುಕ ಕೈಯಲ್ಲಿದ್ದುದನ್ನು ಎಸೆದು ಮಾವಿನ ಮರ ಹತ್ತಿದ. ಅದು ಬೇಲಿ ದಾಟಿ ಕಿಟ್ಟಣ್ಣನ ಕಡೆಗೇ ಬಂತು.

“ಬಾಂಬು! ಸತ್ತೆ!” ಕಿಟ್ಟಣ್ಣ ಬಾವಿಯ ಹಗ್ಗ ಹಿಡಿದು ಸರ್ರನೆ ಕೆಳಗಿಳಿದ. ಮೇಲೆ ಕಟ್ಟೆಗೆ ಏನೋ ‘ಫಟ್’ ಎಂದು ಬಡಿಯಿತು. ಆಚೆಯಿಂದ ‘ಢಂ’ ಎಂದಿತು. ಕಲ್ಲಿನ ಕೆಲಸದವರೆಲ್ಲ ನೆಲಕ್ಕೆ ಬಿದ್ದರು.

ಕೆಸರಲ್ಲಿ ಕೂತ ಕಿಟ್ಟಣ್ಣ ಸ್ವಲ್ಪ ಹೊತ್ತು ತಾನು ಸತ್ತೇಹೋಗಿದ್ದೇನೆಂದೇ ನಂಬಿದ್ದ. ಅಷ್ಟರಲ್ಲಿ ಮೇಲೆ ಚೆನ್ನಪ್ಪನ ಮುಖ ಕಂಡಿತು.

“ಕಿಟ್ಟಣ್ಣ, ಜೀವ ಉಂಟಾ?”

ಮುಳ್ಳಿನಲ್ಲಿ ಮೈಯೆಲ್ಲ ಗೀರಿಸಿಕೊಂಡು ಓಡಿ ಬಂದಿದ್ದ ಚೆನ್ನಪ್ಪನೇ ಅವನನ್ನು ಎಳೆದು ಮೇಲೆ ತಂದ. ಇದ್ದ ನೀರೂ ರಾಡಿಯಾಗಿತ್ತು. ಕಟ್ಟೆಯ ಬುಡದಲ್ಲಿ ಎರಡು ಹೋಳಾಗಿ ಬಿದ್ದಿತ್ತು ಒಂದು ತೆಂಗಿನಕಾಯಿ.

“ಅವರು ನೀರು ನೋಡುವವರು ಮಾರಾಯ,” ಎಂದ ಚೆನ್ನಪ್ಪ. “ಅಂಗೈಯಲ್ಲಿ ಕಾಯಿ ಎದ್ದು ನಿಂತಲ್ಲಿ ಒರತೆ. ಬೆಳಿಗ್ಗೆ ಇಲ್ಲಿ ಗಡಿಯಲ್ಲೇ ನಿಂತಿತು. ಕಲ್ಲು, ಕೂಲಿ ಎಲ್ಲ ನನ್ನದೇ, ನೀರು ಇಬ್ಬರಿಗೂ ಅಂತ ಒಂದು ದೊಡ್ಡ ಬಾವಿ ತೋಡಿಸುವ ಅಂದ್ಕೊಂಡೆ. ಅತ್ತಿಗೆ ದಿನಾ ಕೆಸರು ಸೇದುವುದನ್ನು ನೋಡ್ಲಿಕ್ಕಾಗುವುದಿಲ್ಲ.”

“ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?”

“ಮಧ್ಯಾಹ್ನ ಹೇಳ್ಲಿಕ್ಕೆ ಬಂದೆ. ನಾಯಿ ಬಿಡಲಿಲ್ಲ.”

ಅಷ್ಟರಲ್ಲಿ ಕೋವಿ ಹಿಡಿದು ಬಂದ ಮೊರಿಸ್ ಪೊರ್ಬುಗಳ ಕಿವಿ ನಿಮಿರಿತು. “ಬಾವಿಯಾ? ನನ್ನ ಗಡಿಯಲ್ಲಿ ಕಾಯಿ ನಿಲ್ಲಲಿಲ್ಲವಾ ಚೆನ್ನಪ್ಪ?”

“ನಿಂತಿದೆ, ನಿಂತಿದೆ,” ಎಂದಿತು ಮಾವಿನ ಮರ. “ಅಲ್ಲೇ ತೋಡಿಸಿ. ಈ ಬದಿಗೆ ನಾನು ಇನ್ನು ಬರುವವನಲ್ಲ.”

ಚೆನ್ನಪ್ಪ ಮುಳ್ಳನ್ನು ನೋಡಿದ, ನಾಯಿಯನ್ನು ನೋಡಿದ, ಕೋವಿಯನ್ನು ನೋಡಿದ. “ಹಾಗೇ ಆಗಲಿ. ಉಳಿದ ಕಲ್ಲಿನಲ್ಲಿ ಇಲ್ಲಿಗೊಂದು ಗೋಡೆ ಹಾಕಿಸ್ತೇನೆ. ಬೇಸರ ಮಾಡಬೇಡ ಕಿಟ್ಟಣ್ಣ, ನನಗೂ ಮಕ್ಕಳುಮರಿ ಉಂಟು.”

“ಪೊರ್ಬುಗಳೇ, ನಮ್ಮ ಒಪ್ಪಂದ?” ಕಿಟ್ಟಣ್ಣನ ದನಿ ಅಳುವಂತಿತ್ತು.

“ಒಪ್ಪಂದ ಗಡಿಗಲ್ಲವಾ? ನೀರಿನ ಮಾತು ಎಲ್ಲಿ ಬಂದಿತ್ತು? ಹಣ್ಣು ನಾಳೆ ಕಳಿಸು ಮಾರಾಯ.”

ಗಂಜಿಯ ರುಚಿ ಕಂಡ ಟೈಗರ್ ಒಂದನ್ನು ಬಿಟ್ಟು ಎಲ್ಲರೂ ಹೋದರು. ಜಲಜಾಕ್ಷಿ ಬೈಯಲಿಲ್ಲ. ಖಾಲಿ ಕೊಡವನ್ನು ತಂದು ಗಂಡನ ಕೈಗಿತ್ತಳು.

“ಚೆನ್ನಪ್ಪಣ್ಣನ ಮನೆಯಿಂದ ಒಂದು ಕೊಡ ನೀರು ತನ್ನಿ. ಬಾಯಿಬಿಟ್ಟು ಕೇಳಿ ತನ್ನಿ.”

ಕಿಟ್ಟಣ್ಣ ಕೊಡ ಹೊತ್ತು ಬೇಲಿಯತ್ತ ನಾಲ್ಕು ಹೆಜ್ಜೆ ಇಟ್ಟ. ಬೇಲಿಯ ಹತ್ತಿರ ಯಾರೂ ಸುಳಿಯಬಾರದೆಂದು ದಿನವಿಡೀ ಕಲಿತಿದ್ದ ಟೈಗರ್ ಎದ್ದು ನಿಂತಿತು.

“ನಾನು ಮಾರಾಯ, ಕಿಟ್ಟಣ್ಣ!”

ಟೈಗರ್ ಅವನ ಒದ್ದೆ ಮುಂಡಿನ ತುದಿ ಹಿಡಿದೆಳೆದು, ಬಿಟ್ಟು, ಊರಿಗೆಲ್ಲ ಕೇಳುವಂತೆ ಬೊಗಳಿತು. ಆಚೆ ಮನೆಯಲ್ಲಿ, ಕೊಟ್ಟ ಮಾತಿಗೆ ತಪ್ಪದ ಮೊರಿಸ್ ಪೊರ್ಬುಗಳು ಆಕಾಶಕ್ಕೆ ಇನ್ನೊಂದು ಗುಂಡು ಹಾರಿಸಿದರು.