ಸಮಾಜದ ಮೈಕೂ ಮೈದುನನ ಪೇಟೆಂಟೂ

ನಮ್ಮ ಮನೆಗೆ ನಗೆಪಾಟಲಿನ ಸಂಗತಿಗಳು ತಾವಾಗಿಯೇ ದಾರಿ ಹುಡುಕಿಕೊಂಡು ಬರುತ್ತವೆ. ನಾವು ಎಂದೂ ಕರೆದವರಲ್ಲ. ನಮ್ಮದು ಹಳೆಯ, ಮರ್ಯಾದಸ್ಥ ಮನೆತನ. ನನ್ನ ಮಾವನವರ ತಂದೆ ಅಮ್ಮತ್ತಿ ಸಂತೆಗೆ ಇಳಿದರೆ ಅಂಗಡಿಯವರು ತಕ್ಕಡಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ನನ್ನ ತವರಿನ ಕಡೆಯವರೂ ಯಾರ ಮನೆಯ ಬಾಗಿಲಲ್ಲೂ ಕಾದು ನಿಂತವರಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಕುರ್ಚಿಗೆ ಬೆನ್ನು ತಾಗಿಸದೆ ಕೂರಬೇಕೆಂದು ಸಿಸ್ಟರ್‌ಗಳು ಕಲಿಸಿದರು, ಇವತ್ತಿಗೂ ತಾಗಿಸಿಲ್ಲ.

ನಮ್ಮೂರ ಮಹಿಳಾ ಸಮಾಜಕ್ಕೆ ಬಹುಕಾಲದಿಂದ ನಾನೇ ಅಧ್ಯಕ್ಷೆ. ಈ ವರ್ಷ ಆ ಕುರ್ಚಿಯ ಮೇಲೆ ಸಮಾಜದ ಕಾರ್ಯದರ್ಶಿಯ ಕಣ್ಣೂ ಬಿತ್ತು. ವಾರ್ಷಿಕೋತ್ಸವದ ದಿನ ನಡೆದ ಆಯ್ಕೆಯ ಕತೆಗೆ ಪೊನ್ನಂಪೇಟೆಯವರೆಗೂ ಜನ ಉಪ್ಪು ಖಾರ ಹಚ್ಚುತ್ತಿರುವುದರಿಂದ, ಸರಿಯಾದ ವರದಿಯನ್ನು ನಾನೇ ಬರೆಯಬೇಕಾಗಿದೆ. ಎಲ್ಲಕ್ಕೂ ಮೂಲ ನನ್ನ ಮೈದುನ.

ಪೇಟೆಂಟು

ಮೈದುನ ಕಂಪ್ಯೂಟರುಗಳ ಒಳಗಿನ ಸರ್ಕ್ಯೂಟು ಮಾಡುವ ಕೆಲಸದಲ್ಲಿದ್ದು ನಿವೃತ್ತನಾದವನು. ಈಗ ನಮ್ಮ ಕಾಫಿ ಕಣದ ಆಚೆ ಮನೆ ಕಟ್ಟಿಕೊಂಡಿದ್ದಾನೆ. ಟೀಗೆ ಯಾರೇ ಬರಲಿ, ತನ್ನ ಪೇಟೆಂಟಿನ ವಿಷಯ ತೆಗೆಯದೆ ಬಿಡುವುದಿಲ್ಲ.

"ಕಂಪ್ಯೂಟರಿನ ಹೊಟ್ಟೇಲಿ ಹತ್ತಾರು ಭಾಗ ಉಂಟು. ಮಾತಾಡೋಕೆ ಎಲ್ಲಕ್ಕೂ ಸೇರಿ ಒಂದೇ ದಾರಿ, ಅದಕ್ಕೆ ಬಸ್ ಅಂತ ಹೆಸರು. ಎಲ್ಲ ಒಟ್ಟಿಗೆ ಬಾಯಿ ಬಿಟ್ರೆ ಬರೀ ಗಲಾಟೆ. ಒಳಗೆ ಒಂದು ಗಡಿಯಾರ ತಾಳ ಹಾಕ್ತಾ ಇರ್ತದೆ. ಆ ತಾಳಕ್ಕೆ ಸರಿಯಾಗಿ 'ಈಗ ನೀನು ಮಾತಾಡು, ನೀನು ಸುಮ್ಮನಿರು' ಅಂತ ಹೇಳುವ ಸರ್ಕ್ಯೂಟು ನಂದು!"

ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ, "ಅಷ್ಟಕ್ಕೆ ಪೇಟೆಂಟ್ ಕೊಡ್ತಾರಾ? ನಿನ್ನ ಅತ್ತಿಗೆ ಈ ಮನೇಲಿ ಅದನ್ನೇ ಪುಕ್ಕಟೆ ಮಾಡ್ತಿದ್ದಾಳಲ್ಲ!" ಅಂದರು.

ಅತಿಥಿಗಳ ಮುಂದೆ ಇಂಥ ಮಾತು ಸಲ್ಲದೆಂದು ನಾನು ಒಮ್ಮೆ ನೋಡಿದೆ, ಅಷ್ಟೆ. ಯಜಮಾನರು ಬಾಯಿ ಮುಚ್ಚಿದರು.

ಮೈದುನ ತೊಡೆ ತಟ್ಟಿದ. "ನೋಡಿದ್ರಾ? ಒಂದು ಟಿಕ್ಕೂ ತಡ ಆಗಲಿಲ್ಲ!"

ಸರದಿ

ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ತೋಟದ ಮೂಲೆಮೂಲೆಗೆ ಮಾತು ಮುಟ್ಟಿಸಬೇಕು, ಫೋನ್ ಸಿಗುವುದಿಲ್ಲ. ಮೈದುನ ಒಂದೇ ತಂತಿ ಎಳೆದು ಮನೆ, ಅಡುಗೆಮನೆ, ಹಣ್ಣು ಸುಲಿಯುವ ಪಲ್ಪರ್ ಶೆಡ್ಡು, ತೋಟದ ಲೆಕ್ಕ ಬರೆಯುವ ರೈಟರ ಕೋಣೆ ಎಲ್ಲ ಕಡೆಗೂ ಮಾತಾಡುವ ಪೆಟ್ಟಿಗೆ ಇಟ್ಟ. ಪ್ರತಿ ಪೆಟ್ಟಿಗೆಗೂ ಸ್ವಲ್ಪ ಹೊತ್ತು ಸರದಿ. ಹೊತ್ತು ಮುಗಿದರೆ ಮಾತು ಅರ್ಧಕ್ಕೇ ನಿಂತು, ತಂತಿ ಮುಂದಿನವರಿಗೆ ಹೋಗುತ್ತದೆ.

ಮೊದಲ ಬೆಳಿಗ್ಗೆಯೇ ತೋಟದ ರೈಟರ ದನಿ ಬಂತು: "ಅಮ್ಮಾ, ಆನೆ! ಆನೆ ಕೂಲಿ ಲೈನಿನ ಹತ್ರ—"

ಅಲ್ಲಿಗೆ ಅವರ ಸರದಿ ಮುಗಿಯಿತು.

ಯಜಮಾನರು ಮುಂಬಾಗಿಲಿಗೆ ಅಗುಳಿ ಹಾಕಿದರು. ಅಡುಗೆಯವಳು ಹಿಂಬಾಗಿಲಿಗೆ ಅಕ್ಕಿಮೂಟೆ ಒರಗಿಸಿದಳು. ಸರದಿ ಒಂದು ಸುತ್ತು ತಿರುಗಿ ಬರುವವರೆಗೆ ಮನೆಯಲ್ಲಿ ಉಸಿರಾಡಿದವರಿಲ್ಲ. ಆಮೇಲೆ ರೈಟರು ಮುಂದುವರಿಸಿದರು:

"—ಇಂದ ಆಚೆ ಹೋಯ್ತಂತೆ, ಫಾರೆಸ್ಟಿನವರು ಹೇಳಿದ್ರು. ಪಿಕ್ಕಿಂಗ್ ಶುರು ಮಾಡ್ಲಾ?"

ಇದನ್ನೆಲ್ಲ ಮಾಡಿದ ಮಹಾನುಭಾವ ಎಲ್ಲಿ ಎಂದು ನೋಡಿದರೆ, ಅಗುಳಿ ಹಾಕಿದ ನಮ್ಮ ಬಚ್ಚಲಮನೆಯ ಒಳಗಿನಿಂದ ದನಿ ಬಂತು: "ಅತ್ತಿಗೆ, ಸಿಸ್ಟಮ್ ಎಲ್ಲ ಸರಿಯಾಗೇ ಉಂಟು!"

ತುರ್ತು

ತುರ್ತು ಮಾತಿಗೆ ಸರದಿ ಕಾಯಬಾರದೆಂದು ಎಲ್ಲ ಪೆಟ್ಟಿಗೆಗೂ ಕೆಂಪು ಗುಂಡಿ ಬಂತು. ಇಬ್ಬರು ಒಟ್ಟಿಗೆ ಒತ್ತಿದರೆ ದೊಡ್ಡ ಸ್ಥಾನದವರಿಗೆ ತಂತಿ. ಸ್ಥಾನಗಳನ್ನು ನಾನೇ ಹೇಳಿದೆ: ಮೊದಲು ಮನೆ, ಆಮೇಲೆ ಅಡುಗೆಮನೆ, ಪಲ್ಪರ್, ಕೊನೆಗೆ ರೈಟರು. ಇದರಲ್ಲಿ ತಪ್ಪೇನು ಎಂದು ನನಗೆ ಈಗಲೂ ತಿಳಿದಿಲ್ಲ.

ಅಡುಗೆಯವಳಿಗೆ ಅಕ್ಕಿ ಉಂಡೆ ಕಡಂಬುಟ್ಟು ಆರುವುದು ತುರ್ತು. ಯಜಮಾನರಿಗೆ ಕನ್ನಡಕ ಕಾಣದಿರುವುದು ತುರ್ತು. ಇಬ್ಬರ ಬೆರಳೂ ಕೆಂಪು ಗುಂಡಿ ಬಿಡಲಿಲ್ಲ. ಅದೇ ವಾರ ರೈಟರು ಕಣ ದಾಟಿ, ಏದುಸಿರು ಬಿಡುತ್ತಾ ಮನೆ ಮೆಟ್ಟಿಲಿಗೆ ಬಂದು ನಿಂತರು.

"ಇಷ್ಟು ದೂರ ನಡೆದು ಯಾಕೆ ಬಂದಿರಿ? ಪೆಟ್ಟಿಗೆ ಇಲ್ಲವಾ?" ಎಂದೆ.

"ಪೆಟ್ಟಿಗೇಲಿ ನಂಗೆ ಸರದಿಯೇ ಬರೋದಿಲ್ಲಾಂತ ಹೇಳೋಕೆ ಬಂದೆ ಅಮ್ಮಾ. ಪೆಟ್ಟಿಗೇಲೇ ಹೇಳೋಣಾಂದ್ರೆ ಸರದಿ ಬರ್ಬೇಕಲ್ಲ!"

ಕಾವಲು

ಇನ್ನು ವಾರ್ಷಿಕೋತ್ಸವ. ನಮ್ಮ ಕಾರ್ಯದರ್ಶಿ ಮೈಕು ಹಿಡಿದರೆ ಬಿಡುವವರಲ್ಲ. ಆಯ್ಕೆಯ ದಿನ ಅವರ ಭಾಷಣಕ್ಕೆ ಒಂದು ಮಿತಿ ಇರಲೆಂದು, ಸಮಾಜದ ಹಿತಕ್ಕಾಗಿಯೇ, ನಾನು ಮೈದುನನನ್ನು ಕರೆದೆ.

"ಅದಕ್ಕೆಂತ ಅತ್ತಿಗೆ? ಕಾವಲು ಗಡಿಯಾರ ಹಾಕ್ತೇನೆ. ಯಾರಾದರೂ ದಾರಿ ಬಿಡದೆ ಕೂತ್ರೆ, ಆ ಭಾಗ ಕೆಟ್ಟಿದೇಂತ ತಿಳ್ಕೊಂಡು ಗಡಿಯಾರವೇ ದಾರಿ ಕಿತ್ತು ಪಕ್ಕದವರಿಗೆ ಕೊಡ್ತದೆ."

"ಬಹಳ ಒಳ್ಳೆಯದು," ಎಂದೆ. ಅದು ನನ್ನ ಮೈಕಿಗೂ ಅನ್ವಯವಾಗುತ್ತದೆಂದು ಅವನು ಹೇಳಲಿಲ್ಲ. ಹೇಳುವುದು ಅವನ ಕರ್ತವ್ಯವಾಗಿತ್ತು.

ಸಭಾಂಗಣ ತುಂಬಿತ್ತು. ನನ್ನ ಮುಂದೊಂದು ಮೈಕು, ಕಾರ್ಯದರ್ಶಿಯ ಮುಂದೊಂದು. ಕಾರ್ಯದರ್ಶಿ ಎಂದೂ ಇಲ್ಲದಂತೆ ಅಂದು ನಾಲ್ಕು ಮಾತಾಡಿ ಕುಳಿತರು. ನಾನು ಎದ್ದು ಸಮಾಜದ ಕೆಲಸಗಳನ್ನು ಕ್ರಮವಾಗಿ ವಿವರಿಸಿದೆ. ಹೊಲಿಗೆ ತರಗತಿಯಿಂದ ಆರಂಭಿಸಿ ಹೂವಿನ ಪ್ರದರ್ಶನಕ್ಕೆ ಬಂದು, ಕೊನೆಗೆ ಮುಖ್ಯ ವಿಷಯಕ್ಕೆ ತಲುಪಿದೆ:

"ಇಷ್ಟು ವರ್ಷ ಒಬ್ಬರೇ ಅಧ್ಯಕ್ಷರಾಗಿದ್ದದ್ದು ಸಾಲದೇ ಎಂದು ಕೆಲವರು ಕೇಳುತ್ತಿದ್ದಾರೆ. ಅದಕ್ಕೆ ಇಡೀ ಸಮಾಜದ ಪರವಾಗಿ ಉತ್ತರ ಒಂದೇ—"

ಟಕ್ ಎಂದಿತು. ನನ್ನ ಮೈಕು ಸತ್ತು ಕಾರ್ಯದರ್ಶಿಯ ಮೈಕಿಗೆ ಜೀವ ಬಂತು. ಅವರು ಆ ಹೊತ್ತಿಗೆ ಪಕ್ಕದವಳ ಕಿವಿಗೆ ಬಾಗಿ ಹೇಳುತ್ತಿದ್ದದ್ದು ಸಭಾಂಗಣದ ನಾಲ್ಕು ಗೋಡೆಗೂ ಬಡಿಯಿತು:

"ಸಾಕು ಮಾರಾಯ್ತಿ, ಹೊಟ್ಟೆ ಹಸಿದು ಸಾಯ್ತಾ ಉಂಟು!"

ಅಂಥ ಚಪ್ಪಾಳೆಯನ್ನು ನಮ್ಮ ಸಮಾಜ ಹಿಂದೆ ಕೇಳಿರಲಿಲ್ಲ. ನಾನು ಮೈಕಿಲ್ಲದೆಯೇ ಮುಂದುವರಿಸಿದೆ, ಯಾರಿಗೂ ಕೇಳಿಸಲಿಲ್ಲ. ಆಗಲಾದರೂ ಮೈದುನ ಸುಮ್ಮನಿರಬಹುದಿತ್ತು. ಎದ್ದು ನಿಂತು, ಕೈ ಎತ್ತಿ, ಎಲ್ಲರಿಗೂ ಸಮಾಧಾನ ಹೇಳಿದ:

"ಯಾರೂ ತಪ್ಪು ತಿಳ್ಕೊಳ್ಬೇಡಿ. ಅತ್ತಿಗೆ ಕೆಟ್ಟು ನಿಂತಿದ್ದಾರೇಂತ ಯಂತ್ರ ತಿಳ್ಕೊಂಡಿದೆ, ಅಷ್ಟೆ. ಒಮ್ಮೆ ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಗ್ತಾರೆ!"

ಮುಂದಿನ ಸಾಲಿನ ಹಿರಿಯರೊಬ್ಬರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಆ ನಗುವಿನ ನಡುವೆಯೇ ಕೈ ಎತ್ತಿಸಿ ಆಯ್ಕೆ ಮುಗಿಸಿದರು. ಕಾರ್ಯದರ್ಶಿ ಅಧ್ಯಕ್ಷೆಯಾದರು. ನನ್ನ ಯಜಮಾನರ ಕೈಯೂ ಮೇಲಿತ್ತು; ಅವರು ಸಮಾಜದ ಸದಸ್ಯರೂ ಅಲ್ಲ. ಹೊಸ ಅಧ್ಯಕ್ಷೆಯ ಮೊದಲ ಘೋಷಣೆ: ಈ ಯಂತ್ರ ಇನ್ನು ಮುಂದೆ ಸಮಾಜದ ಮೈಕಿನಲ್ಲಿಯೇ ಇರತಕ್ಕದ್ದು. ಮೈದುನನಿಗೆ ಅಲ್ಲೇ ಶಾಲು ಹೊದಿಸಿದರು.

ಶಾಲು ಹೊದ್ದುಕೊಂಡೇ ಅವನು ನನ್ನ ಬಳಿ ಬಂದು, "ಬೇಸರ ಮಾಡ್ಕೋಬೇಡಿ ಅತ್ತಿಗೆ, ಇದು ಅದರ ಅತ್ಯುತ್ತಮ ಪರೀಕ್ಷೆ," ಎಂದ.

ಮೈದುನ ನನ್ನ ಕ್ಷಮೆ ಕೇಳಬೇಕು.